ನಮ್ಮ ಬೀದಿಯ ನವಿಲು ಗೇಟು

ಬೇರೆ ಊರುಗಳಲ್ಲಿ ಜನ ಎದುರಾದರೆ ಊಟ ಆಯ್ತಾ ಎಂದು ಕೇಳುತ್ತಾರಂತೆ. ನಮ್ಮೂರಿನಲ್ಲಿ ‘ಗೇಟು ಹಾಕಿದೆಯಾ?’ ಎಂದು ಕೇಳುತ್ತೇವೆ. ಕೇಳಿಸಿಕೊಂಡವರು ‘ಹಾಕಿದೆ, ನಿಮ್ಮದು?’ ಎನ್ನಬೇಕು. ಮೊದಲು ಕೇಳಿದವರು ‘ನಮ್ಮದೂ ಹಾಕಿದೆ’ ಎನ್ನಬೇಕು. ಇಷ್ಟಾದ ಮೇಲೇ ಮಿಕ್ಕ ಮಾತು. ಜಗಳಕ್ಕೆಂದೇ ಬಂದವಳೂ ಮೊದಲು ಇದನ್ನು ಮುಗಿಸಿಕೊಂಡು ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾಳೆ. ನಾನೂ ಎಷ್ಟೋ ಸಲ ಸಿಕ್ಕಿಸಿದ್ದೇನೆ, ನನ್ನ ಬಾಯಿ ಎಂಥದ್ದೆಂದು ಬೀದಿಗೆಲ್ಲ ಗೊತ್ತು. ಮಕ್ಕಳಿಗೆ ಮಾತು ಬರುತ್ತಿದ್ದ ಹಾಗೆ ಅಮ್ಮ, ಅಪ್ಪ ಆದ ಮೇಲೆ ನಾವು ಕಲಿಸುವುದು ಇದನ್ನೇ.

ಇಲ್ಲಿ ಒಂದೊಂದು ಮನೆಯ ಹಿತ್ತಲಲ್ಲೂ ಒಂದೊಂದು ಕೊಳ ಇದೆ. ಯಾರೂ ತೋಡಿಸಿದ್ದಲ್ಲ. ಮನೆ ಕಟ್ಟಿ ಹಾಲುಕ್ಕಿಸಿದ ಮೇಲೆ ಯಾವತ್ತೋ ಒಂದು ಬೆಳಿಗ್ಗೆ ಬಂದು ಮಲಗಿರುತ್ತದೆ. ಒಳ್ಳೆಯ ನೀರು, ಬೇಸಿಗೆಯಲ್ಲಿ ತಣ್ಣಗೆ, ಚಳಿಯಲ್ಲಿ ಬೆಚ್ಚಗೆ. ದೊಡ್ಡವರನ್ನು ಅದು ಏನೂ ಮಾಡುವುದಿಲ್ಲ. ನನ್ನ ಗಂಡ ಅದರಲ್ಲಿ ಈಜಿಯೇ ಕೆಲಸಕ್ಕೆ ಹೋಗುತ್ತಿದ್ದುದು, ನಮ್ಮತ್ತೆ ಮಂಡಿನೋವಿಗೆ ಕಾಲು ಇಳಿಬಿಟ್ಟುಕೊಂಡು ಕೂರುತ್ತಿದ್ದುದು. ಬಟ್ಟೆ ಜಾಲಿಸುತ್ತೇವೆ, ಕಲ್ಲಂಗಡಿ ತೇಲಿಬಿಟ್ಟು ತಣ್ಣಗೆ ಮಾಡುತ್ತೇವೆ. ಸುತ್ತ ಬೇಲಿ ಇದ್ದು ಗೇಟು ಮುಚ್ಚಿರುವ ತನಕ ಅದರಷ್ಟು ಸಾಧುವಾದದ್ದು ಇನ್ನೊಂದಿಲ್ಲ.

ಗೇಟು ತೆರೆದುಳಿದರೆ ಮಾತ್ರ ಏಳುತ್ತದೆ. ಎದ್ದು, ಆ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕ ಮಗು ಎಲ್ಲಿದೆಯೋ ಅಲ್ಲಿಗೆ ಹೊರಡುತ್ತದೆ. ಅವಸರವಿಲ್ಲ, ಸದ್ದಿಲ್ಲ. ಹೊಸಿಲು ದಾಟುತ್ತದೆ, ಮೆಟ್ಟಿಲು ಹತ್ತುತ್ತದೆ, ಮನೆಯ ಕದ ಹಾಕಿಕೊಂಡರೆ ಕೆಳಗಿನಿಂದ ನುಸುಳುತ್ತದೆ. ಮುಂದಕ್ಕೆ ಹೋಗುವುದು ಅದಕ್ಕೆ ಗೊತ್ತು, ಹಿಂದಕ್ಕೆ ತಿರುಗುವುದು ಗೊತ್ತಿಲ್ಲ. ಸರಿಯಾಗಿ ಮುಚ್ಚಿದ ಒಂದು ಗೇಟು ಅಡ್ಡ ಬಂದರೆ ಅಲ್ಲೇ ನಿಂತುಬಿಡುತ್ತದೆ. ಯಾವ ಗೇಟೂ ಅಡ್ಡ ಬಾರದೆ ಮಗುವನ್ನು ಮುಟ್ಟಿತೆಂದರೆ ಮುಗಿಯಿತು. ಆಮೇಲೆ ಆ ಹಿತ್ತಲಲ್ಲಿ ಕೊಳವೂ ಇರುವುದಿಲ್ಲ, ಮನೆಯಲ್ಲಿ ಮಗುವೂ ಇರುವುದಿಲ್ಲ, ಕೊಳವಿದ್ದ ಜಾಗದಲ್ಲಿ ಹುಲ್ಲು ಸೊಗಸಾಗಿ ಬೆಳೆಯುತ್ತದೆ. ಮೇಲಿನ ಕೇರಿಯಲ್ಲಿ ಅಂಥ ಹುಲ್ಲಿನ ಮನೆ ಒಂದಿತ್ತು. ಆ ಮನೆಯವರ ಎದುರಿಗೆ ನಾವು ದನದ ಮೇವಿನ ಮಾತು ಕೂಡ ಎತ್ತುತ್ತಿರಲಿಲ್ಲ.

ಅದಕ್ಕೇ ಪುರಸಭೆಯವರು ವರ್ಷಕ್ಕೊಂದು ಸಲ ಬೇಲಿ ತಪಾಸಣೆಗೆ ಬರುವುದು. ಗೇಟು ತಾನಾಗಿ ಮುಚ್ಚಿಕೊಳ್ಳಬೇಕು. ಚಿಲಕ ಮಗುವಿನ ಕೈಗೆ ಎಟಕಬಾರದು. ಕಂಬಿಯ ಸಂದಿಯಲ್ಲಿ ಮಗುವಿನ ಮುಷ್ಟಿ ತೂರಬಾರದು. ಬೇಲಿಯ ಹತ್ತಿರ ಹತ್ತಿ ನಿಲ್ಲುವಂಥ ಒರಳು, ಕುಂಡ, ಮಣೆ ಇರಬಾರದು. ಫೇಲಾದ ಮನೆಯ ಮಗುವನ್ನು ಹೊಳೆಯಾಚೆಯ ಶಿಶುಗೃಹಕ್ಕೆ ಕಳಿಸುತ್ತಾರೆ, ಕೊಳಗಳು ಹೊಳೆ ದಾಟುವುದಿಲ್ಲವಾದ್ದರಿಂದ. ಗೇಟು ಸರಿಮಾಡಿಸಿದ ಮೇಲೇ ಮಗು ವಾಪಸ್ಸು. ಎದೆಹಾಲು ಕುಡಿಯುವ ಕೂಸಾದರೂ ಅಷ್ಟೇ. ಹೇಳುವುದಕ್ಕೆ ನಿಯಮ ಸರಿಯಾಗಿಯೇ ಇದೆ. ಆದರೆ ಹೆತ್ತವಳ ಮುಂದೆ ಹೇಳಿ ನೋಡಿ.

ನಮ್ಮ ಬೀದಿಯಲ್ಲಿ ಈ ಎಲ್ಲ ನಿಯಮಕ್ಕೂ ಸರಿಹೊಂದುವ ಗೇಟು ಒಂದೇ ಒಂದು ಇತ್ತು. ಅದು ನಮ್ಮತ್ತೆ ಪದ್ದಮ್ಮನವರದ್ದು. ನಮ್ಮೂರಿನಲ್ಲಿ ಹೆಣ್ಣು ಕೊಡುವಾಗ ಚಿನ್ನ ಹಾಕದಿದ್ದರೂ ನಡೆಯುತ್ತದೆ, ಗೇಟು ಕೊಡದಿದ್ದರೆ ನಡೆಯುವುದಿಲ್ಲ. ಅತ್ತೆಯ ತವರಿನವರು ಕಬ್ಬಿಣದ ಗೇಟು ಮಾಡಿಸಿ ಕೊಟ್ಟಿದ್ದರು. ನಡುವೆ ಒಂದು ನವಿಲು, ಕೊಕ್ಕು ಮುರಿದದ್ದು. ಬಿಟ್ಟರೆ ಸಾಕು, ಸ್ಪ್ರಿಂಗ್ ಎಳೆದುಕೊಂಡು ಠಣ್ ಎಂದು ಮುಚ್ಚಿಕೊಳ್ಳುತ್ತಿತ್ತು. ನನ್ನ ತವರಿನಿಂದ ಬಂದದ್ದು ಬಿದಿರಿನ ಗೇಟು. ‘ನಿಮ್ಮಪ್ಪ ಗೇಟು ಅಂತ ಕೋಳಿಗೂಡಿನ ಬಾಗಿಲು ಕಳಿಸಿದ್ದಾನಲ್ಲೇ’ ಎಂದು ನಮ್ಮತ್ತೆ ಮದುವೆಯ ಮಾರನೇ ದಿನದಿಂದ ಹಾಡಿಕೊಂಡು ಬಂದಿದ್ದರು. ನಾನೂ ಸುಮ್ಮನಿರುವವಳಲ್ಲ. ‘ಹೌದು, ಈ ಮನೇಲಿ ಕೊಕ್ಕೋ ಕೊಕ್ಕೋ ಅನ್ನೋರು ಇದ್ದಾರೆ ಅಂತ ಅಪ್ಪಂಗೆ ಮೊದಲೇ ಗೊತ್ತಿತ್ತು’ ಎನ್ನುತ್ತಿದ್ದೆ.

ಉಳಿದ ಮನೆಗಳಲ್ಲಿ ಹಳೇ ಮರದ ಗೇಟುಗಳು. ಒಂದಕ್ಕೆ ಹಗ್ಗದ ಚಿಲಕ, ಇನ್ನೊಂದಕ್ಕೆ ತಗಡಿನ ತೇಪೆ. ದಿನ ದೂಡಲಿಕ್ಕೆ ಸಾಕು, ತಪಾಸಣೆಗೆ ಸಾಲದು. ಹಾಗಾಗಿ ತಪಾಸಣೆಯ ದಿನ ನಮ್ಮ ನವಿಲು ಗೇಟು ಬೀದಿ ಸುತ್ತುತ್ತಿತ್ತು. ಬೇಲಿ ಸಾಹೇಬರು ಒಂದು ಮನೆಯಲ್ಲಿ ಗೇಟು ನೋಡಿ, ಜಗಲಿಗೆ ಬಂದು ಕಾಫಿ ಕುಡಿಯುತ್ತಿರುವಾಗ ಹಿಂದಿನ ಓಣಿಯಲ್ಲಿ ಗೇಟನ್ನು ಹೊತ್ತು ಮುಂದಿನ ಮನೆಗೆ ಸಾಗಿಸುವುದು. ಅವರು ಉಪ್ಪಿಟ್ಟು ಮುಗಿಸಿ ಬಾಯಿ ಒರೆಸಿಕೊಂಡು ಹೋಗುವಷ್ಟರಲ್ಲಿ ಅಲ್ಲಿ ಗೇಟು ಕೂತಿರುತ್ತಿತ್ತು. ಇದಕ್ಕೆ ಬೀದಿಯಲ್ಲೇ ಒಂದು ಕಟ್ಟಳೆ ಬೆಳೆದಿತ್ತು. ಗೇಟು ಯಾರ ಮನೆಗೆ ಹೋಗಬೇಕೋ ಆ ಮನೆಯವರು ತಮ್ಮ ಹಳೇ ಗೇಟನ್ನು ಮೊದಲೇ ಕೀಲಿನಿಂದ ಬಿಚ್ಚಿಟ್ಟು, ತಾವೇ ಬಂದು ಒಂದು ಮೂಲೆ ಹೊರಬೇಕು. ಎಲ್ಲರ ಮನೆಯ ಗೂಟಕ್ಕೂ ನವಿಲಿನ ಅಳತೆಯ ಕೀಲೇ ಇತ್ತು. ಅತ್ತೆ ಮುಂದೆ ನಡೆಯುತ್ತಾ ‘ಹುಷಾರ್ರೋ, ನನ್ ನವಿಲು, ಗೋಡೆಗೆ ತಾಗಿಸ್ಬೇಡ್ರೋ’ ಎಂದು ಕೂಗುತ್ತಿದ್ದರು. ವರ್ಷದಲ್ಲಿ ಅವರಿಗೆ ಅದಕ್ಕಿಂತ ದೊಡ್ಡ ಹಬ್ಬವಿರಲಿಲ್ಲ.

ಹಳೆಯ ಬೇಲಿ ಸಾಹೇಬರು ಬೀದಿಯ ಆ ತುದಿಯಿಂದ ಬರುತ್ತಿದ್ದರು. ಕೊನೆಯ ಮನೆ ನಮ್ಮದು. ‘ನಿಮ್ಮ ಬೀದಿಯೋರಿಗೆ ನವಿಲು ಅಂದ್ರೆ ಪ್ರಾಣ ಅಲ್ವೇ ಪದ್ದಮ್ಮ’ ಎಂದು ನಮ್ಮ ಮನೆಯ ಎರಡನೇ ಲೋಟ ಕಾಫಿ ಹೀರುತ್ತಾ ಒಂದು ಸಲ ಹೇಳಿದ್ದರು. ಅವರಿಗೆ ಗೊತ್ತಿತ್ತೋ ಇಲ್ಲವೋ ದೇವರಿಗೇ ಗೊತ್ತು. ನಾವಂತೂ ಅವರು ಹೋದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಗಾದೆ ಕೇಳಿದ್ದೆವು, ಗೇಟೇ ಎದ್ದು ಬೀದಿ ಸುತ್ತುವುದು ನಮ್ಮಲ್ಲೇ ಎಂದು ಟೈಲರ್ ಕೆಂಪರಾಜಣ್ಣ ಹೇಳುತ್ತಿದ್ದ.

ಈ ಸಲ ಹೊಸಬರು ಬರುತ್ತಾರೆಂದು ಸುದ್ದಿ ಬಂದಿತ್ತು. ಹೆಂಗಸಂತೆ, ಅಂಬುಜಾಕ್ಷಿ ಅಂತ ಹೆಸರಂತೆ. ‘ಹೆಂಗಸಾದ್ರೆ ಇನ್ನೂ ಒಳ್ಳೇದೇ ಆಯ್ತು, ಮಾತಿಗೆ ಎಳ್ಕೊಂಡ್ರೆ ಮಧ್ಯಾಹ್ನದ ತನಕ ಏಳಲ್ಲ’ ಎಂದರು ಅತ್ತೆ. ಗೇಟು ಬೆಳಿಗ್ಗೆಯೇ ಬೀದಿಯ ಆ ತುದಿಗೆ, ರಾಜಮಣಿಯ ಮನೆಗೆ ಹೊರಡಬೇಕಿತ್ತು. ರಾಜಮಣಿ ನನಗಿಂತ ಚಿಕ್ಕವಳು, ನನ್ನನ್ನು ವಿಶಾಲಕ್ಕ ವಿಶಾಲಕ್ಕ ಎಂದು ಬಾಯ್ತುಂಬ ಕರೆಯುವವಳು. ತೊಟ್ಟಿಲಿನಲ್ಲಿ ಗಂಡು ಕೂಸು. ತಪಾಸಣೆಯ ಸುದ್ದಿ ಬಂದಾಗಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ‘ಹೊಳೆಯಾಚೆ ಕಳಿಸಿಬಿಟ್ರೆ ಅವನಿಗೆ ಹಾಲು ಯಾರು ಕೊಡ್ತಾರೆ ಅಕ್ಕಾ?’ ಎಂದು ನನ್ನ ಅಡುಗೆಮನೆಯಲ್ಲಿ ಕೂತು ಅತ್ತಿದ್ದಳು. ‘ನಮ್ ನವಿಲು ಇರೋವಾಗ ನಿಂಗ್ಯಾಕೆ ಯೋಚನೆ ಹುಡುಗಿ’ ಎಂದು ಅತ್ತೆ ಸಮಾಧಾನ ಹೇಳಿದ್ದರು.

ಗೇಟು ಹೊರಗೆ ಹೋದಾಗಲೆಲ್ಲ ನಮ್ಮ ಬೇಲಿಗೆ ನನ್ನ ಬಿದಿರಿನ ಗೇಟನ್ನು ನಿಲ್ಲಿಸುವುದು ರೂಢಿ. ನೋಡಲು ಹೇಗೇ ಇರಲಿ, ಗೇಟು ಗೇಟೇ, ಕೊಳ ಅದಕ್ಕೆ ಮರ್ಯಾದೆ ಕೊಡುತ್ತಿತ್ತು. ಅವತ್ತು ತೆಗೆದುಕೊಂಡು ಬರಲು ಹೋದರೆ, ಇಲ್ಲ. ಅತ್ತೆ ಅದನ್ನು ಬಿಚ್ಚಿ ಹೀರೇಕಾಯಿ ಬಳ್ಳಿಗೆ ಚಪ್ಪರ ಮಾಡಿಬಿಟ್ಟಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

‘ನನ್ ತವರಿನ ಗೇಟು ನಿಮ್ಗೆ ಚಪ್ಪರದ ಗಳುವಾ?’ ಎಂದೆ.

‘ಹೂವು ಬಿಟ್ಟಿದೆ ಕಣೇ ಬಳ್ಳಿ. ಒಂದ್ ಗಳಿಗೆ ತಾನೇ, ಮಂಚ ಅಡ್ಡ ನಿಲ್ಲಿಸು’ ಎಂದರು.

‘ಮಂಚ ಗೇಟಾಗುತ್ತಾ ಅತ್ತೆ? ಮನೇಲಿ ನನ್ ಮಗಳಿಲ್ವಾ?’

‘ಮಂದು ನನ್ ಜೊತೆ ಬರುತ್ತೆ. ಮಗೂನೇ ಮನೇಲಿಲ್ಲ ಅಂದ್ಮೇಲೆ ಕೊಳ ಎದ್ದು ಯಾರನ್ನ ಹಿಡಿಯುತ್ತೆ, ನಿನ್ನನ್ನಾ? ನಿನ್ ಬಾಯಿಗೆ ಹೆದ್ರಿ ಅದೇ ಓಡಿಹೋಗುತ್ತೆ, ಹೋಗು.’

ಹೊರುವವರು ಬಂದು ನಿಂತಿದ್ದರು. ಕೆಂಪರಾಜಣ್ಣ, ಅವನ ಹೆಂಡತಿ ಸರ್ವಮಂಗಳ, ಹಿಟ್ಟಿನ ಗಿರಣಿಯ ದ್ಯಾವಣ್ಣ, ನಾಲ್ಕನೇ ಮೂಲೆಗೆ ರಾಜಮಣಿ. ಗೇಟನ್ನು ಅಡ್ಡಡ್ಡ ಮಲಗಿಸಿ ಹೆಗಲ ಮೇಲೆ ಇಟ್ಟುಕೊಂಡರು. ನನ್ನ ಮಗಳು ಮಂದಾರ ಆಗಿನ್ನೂ ಪುಟ್ಟದು. ‘ನಾನೂ ಕೂತ್ಕೋತೀನಿ, ನಾನೂ’ ಎಂದು ಹಟ ಹಿಡಿದಳು. ದ್ಯಾವಣ್ಣ ಅವಳನ್ನೆತ್ತಿ ಗೇಟಿನ ನಡುವೆ ನವಿಲಿನ ಮೇಲೆ ಕೂರಿಸಿದ. ಅವಳು ಎರಡೂ ಕೈಯಲ್ಲಿ ನವಿಲಿನ ಕತ್ತು ಹಿಡಿದುಕೊಂಡು, ಮುಖ ಹಿಂದಕ್ಕೆ ಮಾಡಿಕೊಂಡು ನನಗೆ ಟಾಟಾ ಹೇಳಿದಳು. ನಾನು ಸಿಟ್ಟಿನಲ್ಲೇ ಮಂಚ ಎಳೆದು ತಂದು ನಿಲ್ಲಿಸಿ, ಒಂದು ಕಲ್ಲು ಒತ್ತು ಕೊಟ್ಟು, ಉಪ್ಪಿಟ್ಟಿಗೆ ರವೆ ಹುರಿಯಲು ಒಳಗೆ ಹೋದೆ.

ಒಗ್ಗರಣೆಗೆ ಕರಿಬೇವು ಹಾಕುವ ಹೊತ್ತಿಗೆ ಮುಂದಿನ ಬಾಗಿಲಲ್ಲಿ ದನಿ ಕೇಳಿಸಿತು. ಹೋಗಿ ನೋಡಿದರೆ ಒಬ್ಬ ಹೆಂಗಸು. ಕೊರಳಲ್ಲಿ ಅಳತೆಯ ಟೇಪು, ಬೆವರಿದ ಮುಖ.

‘ಗೇಟು ಹಾಕಿದೆಯಾ ಅಮ್ಮ? ನಾನು ಬೇಲಿ ತಪಾಸಣೆಯೋಳು.’

ಬಸ್ಸು ಈಗ ಈ ತುದಿಯಲ್ಲೇ ನಿಲ್ಲುತ್ತದಂತೆ, ಇಳಿದ ಕೂಡಲೇ ಸಿಕ್ಕಿದ್ದು ನಮ್ಮ ಮನೆಯಂತೆ, ಇಲ್ಲಿಂದಲೇ ಶುರು ಮಾಡುತ್ತಾರಂತೆ. ‘ಹಾಕಿದೆ, ನಿಮ್ಮದು?’ ಎಂದು ಬಾಯಿ ತಾನಾಗಿ ಹೇಳಿತು. ‘ನಮ್ಮದೂ ಹಾಕಿದೆ’ ಎಂದು ಆಕೆ ಚಪ್ಪಲಿ ಬಿಟ್ಟು ಒಳಗೆ ಬಂದರು.

‘ಬನ್ನಿ ಮೇಡಂ, ಕೂತ್ಕೊಳ್ಳಿ, ಫ್ಯಾನ್ ಹಾಕ್ತೀನಿ. ಕಾಫಿ ಬೆರೆಸ್ತೀನಿ.’

‘ಕಾಫಿ ಬೇಡಮ್ಮ. ಹಿತ್ತಲು ಯಾವ ಕಡೆ?’

‘ಬಿಸಿ ಉಪ್ಪಿಟ್ಟು ಆಗ್ತಾ ಇದೆ, ಒಂದೇ ಒಂದು ತಟ್ಟೆ…’

‘ತಿಂದು ಬಂದಿದೀನಿ. ಬೇಲಿ ನೋಡಿಬಿಡ್ತೀನಿ.’

ಕಾಫಿಯೂ ಕುಡಿಯದ, ಉಪ್ಪಿಟ್ಟೂ ತಿನ್ನದ ಸರ್ಕಾರದವರನ್ನು ನಾನು ನೋಡಿದ್ದು ಅದೇ ಮೊದಲು. ಗೇಟು ರಿಪೇರಿಗೆ ಹೋಗಿದೆ ಅನ್ನಲೇ, ಕಳ್ಳರು ಕದ್ದರು ಅನ್ನಲೇ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ಅವರ ಹಿಂದೆ ನಡೆದೆ. ಆಗ ನನಗಿದ್ದ ಭಯ ಅಷ್ಟೇ. ಮಗಳನ್ನು ಹೊಳೆಯಾಚೆ ಕಳಿಸುತ್ತಾರಲ್ಲ ಎಂಬ ಭಯ.

ಅವರು ಬೇಲಿಯ ಬಾಯಲ್ಲಿ ನಿಂತರು. ಟೇಪು ಎಳೆಯಲು ಹೋದ ಕೈ ಹಾಗೇ ನಿಂತಿತು.

‘ಕೊಳ ಎಲ್ಲಿದೆಯಮ್ಮಾ?’

ನಾನು ನೋಡಿದೆ. ಮಂಚ ಅಂಗಾತ ಬಿದ್ದು ನಾಲ್ಕು ಕಾಲೂ ಮೇಲೆ ಮಾಡಿತ್ತು. ಬೇಲಿಯ ಒಳಗೆ ಬರೀ ಒದ್ದೆ ಮಣ್ಣು. ಅತ್ತೆ ಕಾಲು ಇಳಿಬಿಡುವ ಕಲ್ಲಿನ ಕೆಳಗೆ ಒಂದು ಕಪ್ಪೆ ದಿಕ್ಕು ತೋಚದೆ ಕೂತಿತ್ತು. ‘ಇಲ್ಲೇ ಇತ್ತಲ್ಲ’ ಎಂದೆ. ಒಗೆಯುವ ಕಲ್ಲಿನ ಹಿಂದೆಯೂ ಬಗ್ಗಿ ನೋಡಿದೆ. ಕೊತ್ತಂಬರಿ ಕಟ್ಟು ಎಲ್ಲಿಟ್ಟೆ ಎಂದು ಹುಡುಕುವ ಹಾಗೆ ಕೊಳವನ್ನು ಹುಡುಕಿದೆ! ಬುದ್ಧಿಗೆ ಅಷ್ಟು ಮಂಕು ಕವಿದಿತ್ತು.

‘ಮನೇಲಿ ಮಗು ಇದೆಯಾ?’ ಮೇಡಂ ನನ್ನ ರಟ್ಟೆ ಹಿಡಿದು ಕೇಳಿದರು.

‘ಇದೆ.’

‘ಎಲ್ಲಿ?’

‘ಗೇಟಿನ ಮೇಲೆ’ ಎಂದೆ.

ಅವರಿಗೆ ಏನರ್ಥವಾಯಿತೋ ಕಾಣೆ. ನಾನು ಆಗಲೇ ಹಿತ್ತಲ ಬಾಗಿಲಿನಿಂದ ಓಣಿಗೆ ಹಾರಿದ್ದೆ. ನೆಲ ಒದ್ದೆಯಾಗಿತ್ತು, ಗೋಡೆಗಳ ಬುಡ ಒದ್ದೆಯಾಗಿತ್ತು. ನಮ್ಮ ಓಣಿ ಇಕ್ಕಟ್ಟು, ಎರಡೂ ಕಡೆ ಹಿತ್ತಲ ಗೋಡೆ, ನಡುವೆ ಒಂದು ತಿರುವು. ತಿರುವು ದಾಟಿದೆ. ಅಯ್ಯೋ ಶಿವನೇ, ಅದನ್ನು ಹೇಗೆ ಹೇಳಲಿ. ಮುಂದೆ ಅತ್ತೆ ಕೈಬೀಸಿಕೊಂಡು ಹೋಗುತ್ತಿದ್ದಾರೆ. ಅವರ ಹಿಂದೆ ನಾಲ್ಕು ಜನರ ಹೆಗಲ ಮೇಲೆ ಗೇಟು. ಗೇಟಿನ ಮೇಲೆ ನನ್ನ ಮಗಳು. ಅವರ ಹಿಂದೆ, ಹತ್ತಿರದಲ್ಲೇ, ಗೋಡೆಯಿಂದ ಗೋಡೆಗೆ ತುಂಬಿಕೊಂಡು ನಮ್ಮ ಕೊಳ ಹೋಗುತ್ತಿದೆ. ನಮ್ಮ ಬಚ್ಚಲಿನ ಹಳದಿ ಪ್ಲಾಸ್ಟಿಕ್ ಮಗ್ಗು ಅದರ ಮೇಲೆ ತೇಲಿಕೊಂಡು ಹೋಗುತ್ತಿದೆ.

ಮಂದು ನನ್ನನ್ನು ನೋಡಿ ಕೈ ಬೀಸಿದಳು. ‘ಅಮ್ಮಾ, ಕೊಳಾನೂ ಬಂತು!’ ಎಂದು ಕೇಕೆ ಹಾಕಿದಳು. ಅವಳಿಗೆ ಮೊದಲಿನಿಂದಲೂ ಕಾಣುತ್ತಿತ್ತು. ಅಜ್ಜಿಗೆ ಹೇಳುತ್ತಲೇ ಇದ್ದಳಂತೆ. ‘ಅಜ್ಜಿ ಕೊಳ ಬಂತು’ ಅಂದರೆ ಅಜ್ಜಿ ತಿರುಗಿಯೂ ನೋಡದೆ ‘ಹೂಂ ಪುಟ್ಟಾ, ಬರುತ್ತೆ ಬರುತ್ತೆ’ ಎಂದಿದ್ದರಂತೆ.

ಬೀದಿಗೆಲ್ಲ ಕೇಳುವ ಹಾಗೆ ಜಗಳ ಆಡುವ ನನ್ನ ಬಾಯಿ ಆ ಒಂದು ಗಳಿಗೆ ನನ್ನ ಕೈಬಿಟ್ಟಿತು. ಕೂಗಿದ್ದು ನನ್ನ ಹಿಂದೆಯೇ ಓಡಿ ಬಂದಿದ್ದ ಮೇಡಂ. ‘ಗೇಟು ಇಳಿಸಿ! ಹಿಂದೆ ನೋಡಿ! ಗೇಟು ಅಡ್ಡ ನಿಲ್ಲಿಸಿ!’

ಅವರು ತಿರುಗಿದರು. ಸರ್ವಮಂಗಳ ಕಿಟಾರನೆ ಕಿರುಚಿದಳು. ಅತ್ತೆ ಮಗುವನ್ನು ಬಾಚಿ ಕಂಕುಳಿಗೆ ಎಳೆದುಕೊಂಡರು. ಗೇಟು ಹೆಗಲಿನಿಂದ ಜಾರಿ ಠಣ್ಣನೆ ನೆಲಕ್ಕೆ ಬಿತ್ತು, ನಾಲ್ಕು ಜನ ಸೇರಿ ಎತ್ತಿ ಓಣಿಗೆ ಅಡ್ಡ ನಿಲ್ಲಿಸಿದರು. ಒಂದು ಪಕ್ಕ ಗೋಡೆಗೆ ಕೂತಿತು. ಇನ್ನೊಂದು ಪಕ್ಕ ಸಂದಿ ಉಳಿಯಿತು, ಒಬ್ಬರು ನುಸುಳಬಹುದಾದಷ್ಟು. ‘ಸಂದಿ! ಸಂದಿ ಮುಚ್ಚಿ!’ ಎಂದು ಮೇಡಂ ಕೂಗಿದರು. ರಾಜಮಣಿ ಆ ಸಂದಿಗೆ ತನ್ನ ಮೈಯನ್ನೇ ತುರುಕಿದಳು. ಒಂದು ಭುಜ ಗೋಡೆಗೆ, ಒಂದು ಭುಜ ಕಂಬಿಗೆ. ಉಳಿದ ಮೂವರು ಗೇಟು ಬೀಳದ ಹಾಗೆ ಒತ್ತಿ ಹಿಡಿದರು. ಕೊಳ ಬಂತು. ಬಂದು ಕಂಬಿಗೆ ತಾಗಿತು, ನವಿಲಿನ ಕಾಲಿಗೆ ತಾಗಿತು, ರಾಜಮಣಿಯ ಪಾದಕ್ಕೆ ತಾಗಿತು, ನಿಂತಿತು. ಮಗ್ಗು ಗೇಟಿಗೆ ಒಂದು ಸಲ ಟಕ್ ಎಂದು ಬಡಿದು ಸುಮ್ಮನಾಯಿತು.

ನಾನು ಕೊಳದ ಈ ಕಡೆ, ನನ್ನ ಮಗಳು ಆ ಕಡೆ. ಬದುಕಿದಳು, ಬದುಕಿದಳು ಎಂದುಕೊಂಡೆ. ನನ್ನ ಪಕ್ಕ ಮೇಡಂ ನಿಂತಿದ್ದರು. ಅವರು ಗೇಟನ್ನೇ ನೋಡುತ್ತಿದ್ದರು. ಒಂದು ಮಾತು ಕೇಳಿದರು, ಗದರಿಸಲಿಲ್ಲ ಕೂಡ.

‘ಈ ಗೇಟು ಎಲ್ಲಿಗೆ ಹೊರಟಿತ್ತು?’

ನಾನು ರಾಜಮಣಿಯ ಮುಖ ನೋಡಿದೆ. ಆ ಮುಖದಲ್ಲಿ ರಕ್ತ ಇಳಿದುಹೋದದ್ದು ಕೊಳದ ಈ ಕಡೆಯಿಂದಲೇ ಕಾಣಿಸಿತು.

‘ನಮ್ಮನೇಗೆ’ ಎಂದಳು. ‘ನಮ್ಮನೆ ಗೇಟು ಬಿಚ್ಚಿಟ್ಟು ಬಂದಿದೀನಿ. ಸೀರೆ ಅಡ್ಡ ಕಟ್ಟಿದೀನಿ ಅಷ್ಟೇ. ಪಾಪು ತೊಟ್ಟಿಲಲ್ಲಿದಾನೆ, ಒಬ್ಬನೇ.’

ಆಮೇಲೆ ಅವಳು ಕಿರುಚಿದಳು. ‘ಯಾರಾದ್ರೂ ಹೋಗ್ರೇ! ನಮ್ಮನೇಗೆ ಹೋಗ್ರೇ!’

ಹೋಗಲು ಯಾರಿದ್ದರು? ಮೂವರಲ್ಲಿ ಒಬ್ಬರು ಕೈಬಿಟ್ಟರೂ ಗೇಟು ಬೀಳುತ್ತದೆ. ಅತ್ತೆ ಕಂಕುಳಲ್ಲಿ ಮಗು ಇಟ್ಟುಕೊಂಡು ಆ ಮಂಡಿಯಲ್ಲಿ ಕುಂಟುತ್ತಾ ಹೊರಟರು, ಎಷ್ಟು ದೂರ ಹೋದಾರು. ಮೇಡಂ ‘ಯಾವ ಮನೆ, ಯಾವ ಮನೆ?’ ಎನ್ನುತ್ತಲೇ ಹಿಂದಕ್ಕೆ, ನಮ್ಮ ಮನೆಯೊಳಗಿಂದ ಮುಂದಿನ ಬೀದಿಗೆ ಓಡಿದರು. ರಾಜಮಣಿ ಮಾತ್ರ ಸಂದಿಯಲ್ಲೇ ನಿಂತಿದ್ದಳು. ಕತ್ತು ತನ್ನ ಮನೆಯ ಕಡೆ ತಿರುಗಿತ್ತು, ಆದರೆ ಅವಳು ಅಲ್ಲಾಡಲಿಲ್ಲ. ಅವಳು ಅಲ್ಲಾಡಿದರೆ ನನ್ನ ಮಗಳಿಲ್ಲ. ನಾನು ಅವಳ ಜಾಗದಲ್ಲಿದ್ದಿದ್ದರೆ ಯಾರ ಮಗುವನ್ನೂ ನೋಡುತ್ತಿರಲಿಲ್ಲ, ಬಿಟ್ಟು ಓಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ನಾನು ಕೊಳಕ್ಕೆ ಹಾರಿದೆ. ಸೀರೆ ಕಾಲಿಗೆ ಸುತ್ತಿಕೊಂಡಿತು, ನಮ್ಮದೇ ನೀರು, ದಿನಾ ಬಟ್ಟೆ ಜಾಲಿಸುವ ನೀರು, ಅವತ್ತು ಎಷ್ಟು ಬಡಿದರೂ ಮುಗಿಯಲಿಲ್ಲ. ‘ಬಂದೆ ಕಣೇ ರಾಜೀ, ಬಂದೆ’ ಎನ್ನುತ್ತಾ ಹೋಗಿ ಕಂಬಿ ಹಿಡಿದುಕೊಂಡೆ. ಅವಳು ಒಂದು ಭುಜ ಸರಿಸಿದ ಹಾಗೆ ನಾನು ಒಂದು ಭುಜ ತೂರಿಸಿದೆ. ಅವಳ ಕಾಲು ಹೋದ ಜಾಗಕ್ಕೆ ನನ್ನ ಕಾಲು ಬಂತು. ಅವಳು ಓಡಿದಳು. ಅಷ್ಟು ಜೋರಾಗಿ ಯಾರೂ ಓಡಿದ್ದನ್ನು ನಾನು ನೋಡಿಲ್ಲ.

ನಾವು ನಿಂತೆವು. ಕೆಂಪರಾಜಣ್ಣ ‘ಏನಾಗಲ್ಲ, ಏನಾಗಲ್ಲ, ಸೀರೆ ಕಟ್ಟಿದಾಳಲ್ಲ’ ಎಂದು ಹೇಳಿದ್ದನ್ನೇ ಹೇಳುತ್ತಿದ್ದ. ಸರ್ವಮಂಗಳ ‘ಸುಮ್ನಿರ್ರೀ’ ಎಂದಳು. ನಾವೆಲ್ಲ ಕಿವಿ ಆ ಕಡೆಗೇ ಕೊಟ್ಟಿದ್ದೆವು. ಕೂಸು ಅಳುವ ಸದ್ದು ಕೇಳಿಸಲಿ ದೇವರೇ, ಹಸಿದು ಅಳಲಿ, ಬಿದ್ದು ಅಳಲಿ ಎಂದು ನಾನು ಬೇಡಿಕೊಂಡೆ. ಕೇಳಿಸಲಿಲ್ಲ. ರಾಜಮಣಿಯ ಕೂಗೂ ಕೇಳಿಸಲಿಲ್ಲ. ಯಾರದೋ ಮನೆಯ ಕುಕ್ಕರ್ ಕೂಗಿತು.

ಬಹಳ ಹೊತ್ತಿನ ಮೇಲೆ ಓಣಿಯ ಆ ತುದಿಯಿಂದ ಮೇಡಂ ಬಂದರು. ಟೇಪು ಕೊರಳಿನಿಂದ ಜಾರಿ ನೆಲದ ಮೇಲೆ ಎಳೆದುಕೊಂಡು ಬರುತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಗೇಟಿನ ಹತ್ತಿರ ಬಂದು ನೆಲದ ಮೇಲೆ ಕುಕ್ಕರಿಸಿದರು.

‘ಮಗು?’ ಎಂದ ದ್ಯಾವಣ್ಣ.

‘ತೊಟ್ಟಿಲು ಇನ್ನೂ ತೂಗ್ತಾ ಇತ್ತು’ ಎಂದರು ಮೇಡಂ. ಅಷ್ಟೇ ಹೇಳಿದರು.

ಇದಾದ ಮೇಲೆ ಆಗಬೇಕಾದದ್ದೆಲ್ಲ ಆಯಿತು. ನವಿಲು ಗೇಟನ್ನು ಅಲ್ಲೇ ಓಣಿಯಲ್ಲಿ ಗಾರೆ ಹಾಕಿ ಕೂರಿಸಿದರು, ಸಂದಿಗೆ ಇಟ್ಟಿಗೆ ಕಟ್ಟಿದರು, ಕೊಳದ ಹಿಂದೆಯೂ ಒಂದು ಗೋಡೆ ಎಬ್ಬಿಸಿದರು. ಈಗ ಓಣಿಯಲ್ಲಿ ಈ ತುದಿಯಿಂದ ಆ ತುದಿಗೆ ಹೋಗುವ ಹಾಗಿಲ್ಲ. ಬೀದಿಯಲ್ಲಿ ಕೊಳ ಉಳಿದಿದ್ದ ಪ್ರತಿ ಮನೆಯವರೂ ಸ್ವಂತ ಗೇಟು ಮಾಡಿಸಿಕೊಂಡರು. ಅಷ್ಟು ವರ್ಷ ಆಗದೇ ಇದ್ದದ್ದು ಒಂದು ತಿಂಗಳಿನಲ್ಲಿ ಆಯಿತು, ಹಾಳಾದವರಿಗೆ! ನನ್ನನ್ನೂ ಸೇರಿಸಿಯೇ ಬೈಯುತ್ತಿದ್ದೇನೆ. ಅಂಬುಜಾಕ್ಷಿ ಮೇಡಂ ಯಾರಿಗೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು. ನಮ್ಮತ್ತೆ ಹೀರೇಕಾಯಿ ಚಪ್ಪರ ಕಿತ್ತು, ಬಿದಿರನ್ನು ಮತ್ತೆ ಗೇಟಾಗಿ ಕಟ್ಟಿ, ಏನೂ ಇಲ್ಲದ ನಮ್ಮ ಬೇಲಿಗೆ ತಾವೇ ನಿಲ್ಲಿಸಿದರು. ತವರಿನ ಮಾತು ಮತ್ತೆ ಎತ್ತಿಲ್ಲ. ನಮ್ಮ ಹಿತ್ತಲಲ್ಲಿ ಹುಲ್ಲು ಬರಲಿಲ್ಲ, ಬರೀ ಬರಡು ಮಣ್ಣು. ಆ ಬರಡಿಗೆ ನಾನು ದಿನಾ ಕೈಮುಗಿಯುತ್ತೇನೆ.

ರಾಜಮಣಿಯ ಹಿತ್ತಲಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಅಲ್ಲಿನ ಹುಲ್ಲಿಗೆ ಅವಳು ಹಸು ಬಿಡಗೊಡುವುದಿಲ್ಲ, ಕುಡುಗೋಲು ಆಡಿಸಗೊಡುವುದಿಲ್ಲ. ಅವತ್ತು ಬಿಚ್ಚಿಟ್ಟಿದ್ದ ತಗಡು ತೇಪೆಯ ಹಳೇ ಗೇಟನ್ನು ಮತ್ತೆ ಕೀಲಿಗೆ ಸೇರಿಸಿದ್ದಾಳೆ. ದಿನಾ ಸಂಜೆ ಅದನ್ನು ಎಳೆದು ಮುಚ್ಚಿ, ಹಗ್ಗದ ಚಿಲಕ ಬಿಗಿದು, ಎರಡು ಸಲ ಅಲ್ಲಾಡಿಸಿ ನೋಡುತ್ತಾಳೆ. ಆಮೇಲೆ ತನ್ನ ಕಡೆಯಿಂದ ಓಣಿಗೆ ಹೋಗಿ ನವಿಲು ಗೇಟನ್ನೂ ಅಲ್ಲಾಡಿಸಿ ನೋಡಿ, ಬೀದಿಯುದ್ದ ನಡೆದು ನಮ್ಮ ಮನೆಯ ತನಕ ಬರುತ್ತಾಳೆ. ಅವಳು ಬರುವ ಹೊತ್ತಿಗೆ ನಾನು ಒಳಗೆ ಹೋಗಿಬಿಡೋಣ ಎಂದುಕೊಳ್ಳುತ್ತೇನೆ. ಹೋಗುವುದಿಲ್ಲ. ಅವಳಿಗೆ ಮುಖ ತೋರಿಸುವುದೂ ಕಷ್ಟ, ತೋರಿಸದೆ ಇರುವುದು ಇನ್ನೂ ಕಷ್ಟ. ಜಗಲಿಯಲ್ಲಿ ಕೂತು ಬತ್ತಿ ಹೊಸೆಯುತ್ತಿರುತ್ತೇನೆ.

‘ಗೇಟು ಹಾಕಿದೆಯಾ ವಿಶಾಲಕ್ಕ?’ ಎನ್ನುತ್ತಾಳೆ.

‘ಹಾಕಿದೆ’ ಎನ್ನುತ್ತೇನೆ. ಮುಂದಿನ ಮಾತು ಹುಟ್ಟಿದಾಗಿನಿಂದ ನಾಲಿಗೆಯ ಮೇಲಿರುವ ಮಾತು. ಅದನ್ನು ನುಂಗಿಕೊಳ್ಳುತ್ತೇನೆ. ಅವಳು ಒಂದು ಗಳಿಗೆ ನಿಂತಿದ್ದು ಹೊರಟುಹೋಗುತ್ತಾಳೆ. ಎಷ್ಟೋ ಸಂಜೆ ಹೀಗೇ ನಡೆಯಿತು.

ಮೊನ್ನೆ ಸಂಜೆ ಮಂದು ನನ್ನ ಪಕ್ಕ ಕೂತು ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದಳು. ರಾಜಮಣಿ ಬಂದಳು, ಕೇಳಿದಳು. ನಾನು ಹಾಕಿದೆ ಎಂದೆ, ನಿಲ್ಲಿಸಿದೆ. ಮಗಳು ಕತ್ತೆತ್ತಿ ನನ್ನನ್ನು ನೋಡಿದಳು. ಅಮ್ಮ ಮರ್ಯಾದೆ ಮರೆತಳು ಎಂದುಕೊಂಡಳೋ ಏನೋ, ನಾನು ಕಲಿಸಿದ ಹಾಗೆಯೇ, ಸ್ಪಷ್ಟವಾಗಿ, ನಗುನಗುತ್ತಾ, ‘ನಿಮ್ಮದು?’ ಎಂದುಬಿಟ್ಟಳು.

ನನ್ನ ಕೈಯಲ್ಲಿದ್ದ ಎಣ್ಣೆ ಬಟ್ಟಲು ಬಿತ್ತು. ರಾಜಮಣಿ ಅದನ್ನು ನೋಡಲಿಲ್ಲ. ಬಗ್ಗಿ ನನ್ನ ಮಗಳ ಗಲ್ಲ ಮುಟ್ಟಿದಳು.

‘ನಮ್ಮದೂ ಹಾಕಿದೆ ಕಂದಾ’ ಎಂದಳು. ‘ಈಗ ತಾನೇ ಹಾಕಿ ಬಂದೆ.’